ಕೊಲ್ಹಾಪುರಿ ಚಪ್ಪಲಿ ಯಾರದು? ಕರಕುಶಲ ಕಲೆಗಳನ್ನು ಕಾಯುವ ಕಾನೂನು, ಮಣ್ಣು ಮತ್ತು ಕೈಗಳು

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಶೋ ಒಂದರಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಚರ್ಮದ ಚಪ್ಪಲಿ ಮೆಟ್ಟಿಕೊಂಡು ನಡೆದರು. ಹೆಬ್ಬೆರಳಿಗೆ ಉಂಗುಟ, ಮೇಲೆ ಹೆಣೆದ ಪಟ್ಟಿ, ಚಪ್ಪಟೆ ಅಟ್ಟೆ. ಕಂಪನಿ ಅದನ್ನು ಬರೀ ಚರ್ಮದ ಚಪ್ಪಲಿ ಎಂದು ಕರೆದಿತ್ತು. ಆದರೆ ಫೋಟೋ ನೋಡಿದ ನಮ್ಮ ಜನಕ್ಕೆ ಗುರುತು ಹಿಡಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಇದು ಕೊಲ್ಹಾಪುರಿ ಅಲ್ವಾ?

ಗಲಾಟೆ ಶುರುವಾಯಿತು. ಚಪ್ಪಲಿಯ ವಿನ್ಯಾಸಕ್ಕೆ ಭಾರತದ ಕರಕುಶಲ ಪರಂಪರೆಯೇ ಪ್ರೇರಣೆ ಎಂದು ಪ್ರಾಡಾ ಪತ್ರ ಬರೆದು ಒಪ್ಪಿಕೊಂಡಿತು. ಮುಂಬೈ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು, ಅದು ವಜಾ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮೋದ್ಯೋಗ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಇಲ್ಲಿಯ ಕುಶಲಕರ್ಮಿಗಳ ಕೈಯಲ್ಲೇ 2,000 ಜೊತೆ ಚಪ್ಪಲಿ ಮಾಡಿಸುವ ಯೋಜನೆ ಅದು.

ಈ ಸುದ್ದಿಯ ನಡುವೆ ಜಿಐ (ಊರಿಗೆ ಅಂಟಿದ ವಸ್ತುವಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ), ಪರಂಪರೆ, ಹಕ್ಕು, ದೇಶದ ಹೆಮ್ಮೆ ಎಂಬ ಮಾತುಗಳು ಧಾರಾಳವಾಗಿ ಕೇಳಿಬಂದವು. ಆದರೆ ಒಂದು ಕಲೆ ಒಂದು ಊರಿನದು, ಒಂದು ದೇಶದ್ದು ಎಂದು ಹೇಳುವುದು ಯಾವ ಆಧಾರದ ಮೇಲೆ? ಕಾನೂನು ಏನನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ? ಕಲೆ ನಿಜಕ್ಕೂ ಉಳಿಯಲು ಏನೇನು ಬೇಕು? ಇವನ್ನು ಬುಡದಿಂದ ನೋಡೋಣ.

## ಹೆಸರು ಕೊಲ್ಹಾಪುರದ್ದು, ಕೈ ಅಥಣಿಯದ್ದೂ ಹೌದು

ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಿರುವುದು ಎಂಟು ಜಿಲ್ಲೆಗಳಿಗೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಒಂದು ಕಡೆ. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇನ್ನೊಂದು ಕಡೆ. ಅಥಣಿ, ನಿಪ್ಪಾಣಿ ಸುತ್ತಮುತ್ತಲ ಎಷ್ಟೋ ಮನೆಗಳಲ್ಲಿ ಇದೇ ಕಸುಬು. ಅಲ್ಲಿ ತಯಾರಾದ ಚಪ್ಪಲಿ ಕೊಲ್ಹಾಪುರದ ಪೇಟೆಗೆ ಹೋಗಿ ಮಾರಾಟವಾಗುತ್ತಿತ್ತು. ಹಾಗಾಗಿ ಪೇಟೆಯ ಹೆಸರೇ ಚಪ್ಪಲಿಗೆ ಗಟ್ಟಿಯಾಯಿತು. ಪ್ರಾಡಾ ವಿವಾದದ ವೇಳೆ ಕರ್ನಾಟಕದ ಸಚಿವರೂ ಇದನ್ನು ನೆನಪಿಸಿ, ನಮ್ಮ ಕುಶಲಕರ್ಮಿಗಳಿಗೂ ಶ್ರೇಯ ಸಲ್ಲಬೇಕು ಎಂದರು.

ಚಪ್ಪಲಿ ತಯಾರಾಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ತೊಗಲನ್ನು ಹದ ಮಾಡಲು ರಾಸಾಯನಿಕದ ಬದಲು ಜಾಲಿ ಮರದ ತೊಗಟೆ ಮತ್ತು ಅಳಲೆಕಾಯಿ ಬಳಸುವುದು ಹಳೆಯ ಕ್ರಮ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಎಮ್ಮೆ ತೊಗಲಿನ ಪದರಗಳನ್ನು ಒಂದರ ಮೇಲೊಂದು ಇಟ್ಟು, ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಮೊಳೆ ಬಳಸುವುದಿಲ್ಲ. ಮೇಲಿನ ಪಟ್ಟಿಯ ಸಣ್ಣ ಸಣ್ಣ ಜಡೆಗಳನ್ನು ಹೆಣೆಯುವವರು ಹೆಚ್ಚಾಗಿ ಮನೆಯ ಹೆಂಗಸರು. ಮಾದರಿಗಳಿಗೂ ಊರಿನ ಹೆಸರುಗಳಿವೆ. ಕಾಪ್ಶಿ ಅಂದರೆ ಕಾಪ್ಶಿ ಊರಿನ ಮಾದರಿ.

ತಲೆಮಾರುಗಳಿಂದ ಇದನ್ನು ಮಾಡಿಕೊಂಡು ಬಂದವರು ಸಮಗಾರ, ಢೋರ ಮುಂತಾದ ಸಮುದಾಯದವರು. ಕನ್ನಡಿಗರಿಗೆ ಇಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ನೆನಪಾಗುವುದು ಸಹಜ. ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರು ಎಂಬ ಕಥೆಯನ್ನು ಕೇಳದವರು ಕಡಿಮೆ. ಚಪ್ಪಲಿಯನ್ನು ದೇಶದ ಹೆಮ್ಮೆ ಅಂದವರು ಅದನ್ನು ಮಾಡುವವರನ್ನು ಊರ ಹೊರಗೆ ಇಟ್ಟಿದ್ದರು ಎಂಬುದೂ ಇದೇ ಚರಿತ್ರೆಯ ಭಾಗ. ಕಲೆ ಉಳಿಸುವ ಮಾತಾಡುವಾಗ ಇದನ್ನು ಬದಿಗಿಡಲು ಆಗುವುದಿಲ್ಲ. ಮಗ ಅಪ್ಪನ ಕಸುಬು ಬೇಡ ಅಂದರೆ ಅದಕ್ಕೆ ದುಡ್ಡೊಂದೇ ಕಾರಣ ಅಲ್ಲ. ಆ ಕಸುಬಿಗೆ ಅಂಟಿಸಿದ ಅವಮಾನವೂ ಕಾರಣ.

## ಜಿಐ ಅಂದರೆ ಏನು?

ಪೂರ್ತಿ ಹೆಸರು ಭೌಗೋಳಿಕ ಸೂಚಕ. ಒಂದು ವಸ್ತುವಿನ ಗುಣ ಅಥವಾ ಹೆಸರು ಒಂದು ಜಾಗಕ್ಕೆ ಅಂಟಿಕೊಂಡಿದ್ದರೆ, ಆ ಹೆಸರನ್ನು ಬೇರೆಯವರು ಸುಮ್ಸುಮ್ನೆ ಬಳಸದಂತೆ ಕಾನೂನು ಕಾಯುತ್ತದೆ. ಭಾರತದಲ್ಲಿ ಇದಕ್ಕೆ 1999ರಲ್ಲಿ ಕಾಯ್ದೆಯಾಯಿತು, 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ನೋಂದಣಿ ಕಚೇರಿ ಇರುವುದು ಚೆನ್ನೈನಲ್ಲಿ. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಒಮ್ಮೆ ನೋಂದಣಿಯಾದರೆ ಹತ್ತು ವರ್ಷ ಲೆಕ್ಕ, ಆಮೇಲೆ ನವೀಕರಿಸುತ್ತಾ ಹೋಗಬಹುದು.

ಟ್ರೇಡ್‌ಮಾರ್ಕ್‌ಗೂ ಇದಕ್ಕೂ ಏನು ವ್ಯತ್ಯಾಸ? ಟ್ರೇಡ್‌ಮಾರ್ಕ್ ಒಬ್ಬರ ಸ್ವಂತ ಬಾವಿ ಇದ್ದ ಹಾಗೆ. ಮಾಲೀಕರು ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಜಿಐ ಊರ ಕೆರೆ ಇದ್ದ ಹಾಗೆ. ಊರಿನವರೆಲ್ಲ ನೀರು ಬಳಸಬಹುದು, ಯಾರೊಬ್ಬರೂ ಕೆರೆಯನ್ನು ಮಾರುವ ಹಾಗಿಲ್ಲ, ಒತ್ತೆ ಇಡುವ ಹಾಗಿಲ್ಲ. ಕಾಯ್ದೆಯಲ್ಲೂ ಇದೇ ಇದೆ. ಜಿಐ ಹಕ್ಕನ್ನು ಮಾರುವುದು, ಪರವಾನಗಿ ಕೊಟ್ಟು ವರ್ಗಾಯಿಸುವುದು, ಅಡ ಇಡುವುದು ಎಲ್ಲಕ್ಕೂ ನಿಷೇಧ. ಸುಳ್ಳು ಜಿಐ ಹೆಸರು ಹಾಕಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಈಗ ಬಹಳ ಜನ ತಪ್ಪು ತಿಳಿಯುವ ಜಾಗಕ್ಕೆ ಬರೋಣ. ಜಿಐ ಮುಖ್ಯವಾಗಿ ಕಾಯುವುದು ಹೆಸರನ್ನು. ಮಾಡುವ ವಿಧಾನ ಅಥವಾ ಸಾಮಾನ್ಯ ಆಕಾರದ ಮೇಲೆ ಅದು ಪೂರ್ತಿ ಹಕ್ಕು ಕೊಡುವುದಿಲ್ಲ. ಯಾರೋ ಎಲ್ಲೋ ಉಂಗುಟದ ಚರ್ಮದ ಚಪ್ಪಲಿ ಮಾಡಿ, ಅದಕ್ಕೆ ಕೊಲ್ಹಾಪುರಿ ಎಂದು ಹೆಸರಿಡದೆ ಮಾರಿದರೆ, ಈ ಕಾನೂನಿನ ಬಲದಿಂದ ತಡೆಯುವುದು ಕಷ್ಟ. ಇನ್ನೊಂದು ಮಿತಿ ಗಡಿಯದು. ಭಾರತದ ಜಿಐ ಭಾರತದೊಳಗೆ ನಡೆಯುತ್ತದೆ. ಯುರೋಪಿನಲ್ಲೂ ರಕ್ಷಣೆ ಬೇಕೆಂದರೆ ಅಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಡಾರ್ಜಿಲಿಂಗ್ ಚಹಾ ಹಾಗೆ ಮಾಡಿಸಿಕೊಂಡಿದೆ. ಮೂರನೆಯದು, ದೂರು ಕೊಡುವವರು ಯಾರು ಎಂಬ ಪ್ರಶ್ನೆ. ಮುಂಬೈ ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋದದ್ದಕ್ಕೆ ಒಂದು ಕಾರಣ, ಅರ್ಜಿ ಹಾಕಿದ ವಕೀಲರು ಜಿಐನ ನೋಂದಾಯಿತ ಒಡೆಯರಲ್ಲ ಎಂಬುದು. ಒಡೆತನ ಇರುವುದು ಎರಡು ರಾಜ್ಯಗಳ ನಿಗಮಗಳ ಹೆಸರಿನಲ್ಲಿ. ಕರ್ನಾಟಕದ ಕಡೆಯಿಂದ ಅದು ಲಿಡ್ಕರ್, ಅಂದರೆ ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ.

ಹಾಗಾದರೆ ಜಿಐನಿಂದ ದಿನನಿತ್ಯ ಏನಾದರೂ ಉಪಯೋಗ ಇದೆಯಾ? ಇದೆ. ಚನ್ನಪಟ್ಟಣದ ಉದಾಹರಣೆ ನೋಡಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದಕ್ಕೆ ಪ್ರಯೋಗಾಲಯ ಪರೀಕ್ಷೆ, ಪರವಾನಗಿ, ಶುಲ್ಕ ಎಲ್ಲವೂ ಬೇಕು. ಮನೆಯ ಜಗಲಿಯಲ್ಲಿ ಒಂದು ಲೇತ್ ಇಟ್ಟುಕೊಂಡವರಿಗೆ ಇದು ಆಗುವ ಮಾತಲ್ಲ. ಸರ್ಕಾರ ಆ ನಿಯಮಕ್ಕೆ ವಿನಾಯಿತಿ ಸೇರಿಸಿತು. ಜಿಐ ಆಟಿಕೆಗಳ ಅಧಿಕೃತ ಬಳಕೆದಾರರಿಗೆ (ಆ ಹೆಸರು ಬಳಸಲು ನೋಂದಾಯಿಸಿಕೊಂಡವರಿಗೆ), ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಆ ಗುರುತು ಕಡ್ಡಾಯವಲ್ಲ. ಕಾಗದದ ಮೇಲಿನ ನೋಂದಣಿ ಇಲ್ಲಿ ನೇರವಾಗಿ ಕೆಲಸವನ್ನೇ ಉಳಿಸಿತು.

## ‘ನಮ್ಮದು’ ಎಂಬುದರೊಳಗೆ ಎಷ್ಟು ಜನ?

2022ರ ಗಣರಾಜ್ಯೋತ್ಸವದಲ್ಲಿ ದೆಹಲಿಯಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರ ನೆನಪಿದೆಯಾ? ಸಾಂಪ್ರದಾಯಿಕ ಕರಕುಶಲ ಕಲೆಗಳ ತೊಟ್ಟಿಲು ಎಂಬುದು ಅದರ ವಿಷಯ. ಎರಡನೇ ಬಹುಮಾನ ಬಂತು. ದೇಶದ ಮುಂದೆ ಕರ್ನಾಟಕ ತನ್ನನ್ನು ತೋರಿಸಿಕೊಂಡದ್ದು ಈ ಕಲೆಗಳ ಮೂಲಕ. ಅವುಗಳಲ್ಲಿ ಒಂದೊಂದರ ಹಿನ್ನೆಲೆ ಕೆದಕಿದರೆ ಒಂದೊಂದು ದಾರಿ ತೆರೆದುಕೊಳ್ಳುತ್ತದೆ.

ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕಲೆ ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಿಗರ ಜೊತೆ ಬೀದರಿಗೆ ಬಂತು ಎಂದು ಪರಂಪರೆ ಹೇಳುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸಕ್ಕೆ ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಿಗರನ್ನು ಕರೆಸಿದ ಎಂಬ ಕಥೆಯಿದೆ. ಆಮೇಲೆ ಬಾವಾಸ್ ಮಿಯಾನ್ ಎಂಬುವರು ಜಪಾನಿನ ತಂತ್ರವನ್ನು ಇಲ್ಲಿಗೆ ಹೊಂದಿಸಿದರು. ಇವತ್ತು ಆ ಲೇತ್‌ಗಳ ಮುಂದೆ ಹಿಂದೂ, ಮುಸ್ಲಿಂ ಇಬ್ಬರೂ ಕೂರುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಮರದ ದೇವರುಗಳನ್ನು, ಗೊಂಬೆಗಳನ್ನು ಮಾಡುತ್ತವೆ. ಅವರು ತಮ್ಮ ನಂಟನ್ನು ವಿಜಯನಗರದ ಕಾಲಕ್ಕೆ ಒಯ್ಯುತ್ತಾರೆ. ನವಲಗುಂದದ ಜಮಖಾನೆ ನೇಯುವವರು ಮುಸ್ಲಿಂ ಹೆಂಗಸರು. ಆದಿಲ್‌ಶಾಹಿಗಳ ಬಿಜಾಪುರದಿಂದ ಬಂದ ಕುಟುಂಬಗಳು ಅಲ್ಲಿ ನೆಲೆಸಿದವು ಎಂದು ಹೇಳುತ್ತಾರೆ. ಸಂಡೂರಿನ ಕಸೂತಿ ಲಂಬಾಣಿ ಹೆಂಗಸರದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಸಮುದಾಯ ಅದು. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಅವರ ಜೊತೆಯಲ್ಲೇ ತಿರುಗಿದವು. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಕೈಹಾಕಿದ ಕಸೂತಿ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಇವುಗಳಲ್ಲಿ ಒಂದನ್ನು ಮಾತ್ರ ಅಸಲಿ ಕರ್ನಾಟಕ ಅಂತ ಆರಿಸಲು ಹೋದರೆ ಉಳಿದದ್ದೆಲ್ಲ ಕೈಬಿಟ್ಟುಹೋಗುತ್ತದೆ. ನಾನು ಇದನ್ನು ಸೌಹಾರ್ದದ ಭಾಷಣವಾಗಿ ಹೇಳುತ್ತಿಲ್ಲ. ನಮ್ಮ ಕಸುಬುಗಳು ಬೆಳೆದ ಬಗೆಯೇ ಹಾಗೆ. ರಾಜರು ಕರೆಸಿದರು, ಬರಗಾಲ ಓಡಿಸಿತು, ವ್ಯಾಪಾರ ಎಳೆತಂದಿತು. ಬಂದವರು ಇಲ್ಲಿಯ ಮರ, ಮಣ್ಣು, ನೂಲಿಗೆ ಹೊಂದಿಕೊಂಡರು.

ಸಂವಿಧಾನವೂ ಇದನ್ನು ಗುರುತಿಸಿದೆ. 29ನೇ ವಿಧಿ ಯಾವುದೇ ಸಮುದಾಯಕ್ಕೆ ತನ್ನ ಭಾಷೆ, ಲಿಪಿ, ಸಂಸ್ಕೃತಿಯನ್ನು ಕಾಪಾಡಿಕೊಳ್ಳುವ ಹಕ್ಕು ಕೊಡುತ್ತದೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, 51ಎ ವಿಧಿಯಲ್ಲಿ, ನಮ್ಮ ಸಮ್ಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಕಾಪಾಡುವುದೂ ಒಂದು. ಗುಡಿ ಕೈಗಾರಿಕೆಗಳನ್ನು ಬೆಳೆಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ 43ನೇ ವಿಧಿ.

ಸ್ವಾತಂತ್ರ್ಯ ಬಂದ ಮೇಲೆ ಈ ಮಾತುಗಳಿಗೆ ಕೈಕಾಲು ಕೊಟ್ಟವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ದೊಡ್ಡ ಹೆಸರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರು ಮುನ್ನಡೆಸಿದರು. ಕಾರ್ಖಾನೆಗಳೇ ಮುಂದಿನ ದಾರಿ ಎಂದು ದೇಶ ನಂಬಿದ್ದ ಹೊತ್ತಿನಲ್ಲಿ, ಊರೂರು ಸುತ್ತಿ ಕುಶಲಕರ್ಮಿಗಳನ್ನು ಹುಡುಕಿದರು. ಅವರಿಗೆ ಪೇಟೆ, ಪ್ರಶಸ್ತಿ, ತರಬೇತಿ ಒದಗಿಸುವ ಸಂಸ್ಥೆಗಳನ್ನು ಕಟ್ಟಿದರು. ಆ ಸ್ತಬ್ಧಚಿತ್ರದಲ್ಲಿ ಅವರ ಪ್ರತಿಮೆಯೂ ಇತ್ತು. ಸರಿಯಾದ ಜಾಗ.

## ಒಂದು ಬಿದರಿ ಹೂಜಿಗೆ ಏನೇನು ಬೇಕು

ಕಲೆ ಉಳಿಸುವುದು ಎಂದರೆ ಏನನ್ನು ಉಳಿಸುವುದು ಎಂದು ತಿಳಿಯಲು ಒಂದು ವಸ್ತುವನ್ನು ಶುರುವಿನಿಂದ ಕೊನೆವರೆಗೆ ಹಿಂಬಾಲಿಸುವುದು ಒಳ್ಳೆಯದು.

ಬಿದರಿಯ ಲೋಹದಲ್ಲಿ ಸತುವೇ ಬಹುಪಾಲು, ಜೊತೆಗೆ ಸ್ವಲ್ಪ ತಾಮ್ರ. ಇದನ್ನು ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಹೂಜಿ ಒರಟಾಗಿ, ಬೂದು ಬಣ್ಣದಲ್ಲಿರುತ್ತದೆ. ಅರ ಹಾಕಿ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂವು, ಜ್ಯಾಮಿತಿಯ ಚಿತ್ತಾರ ಬರೆಯುತ್ತಾರೆ. ಬಹಳ ಜನ ಅಳತೆಪಟ್ಟಿಯನ್ನೂ ಹಿಡಿಯುವುದಿಲ್ಲ, ಕೈ ಅಂದಾಜೇ ಸಾಕು. ನಂತರ ಸಣ್ಣ ಉಳಿಯಿಂದ ಗೆರೆಗಳನ್ನು ಕೊರೆದು, ಆ ಕೊರೆತದೊಳಗೆ ಶುದ್ಧ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಅಂಟು ಹಾಕುವುದಿಲ್ಲ. ಬಡಿತದ ಬಿಗಿಗೆ ಬೆಳ್ಳಿ ನಿಲ್ಲಬೇಕು. ಈ ಹಂತದಲ್ಲಿ ನೋಡಿದರೆ ಬೂದು ಲೋಹದ ಮೇಲೆ ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ.

ಕಾಣುವಂತೆ ಮಾಡುವುದು ಮಣ್ಣು. ಬೀದರ್ ಕೋಟೆಯೊಳಗೆ, ಮಳೆ ಬಿಸಿಲು ಹೆಚ್ಚು ತಾಗದ ಹಳೆಯ ಜಾಗಗಳಿಂದ ತೆಗೆದ ಮಣ್ಣು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಹೂಜಿಗೆ ಉಜ್ಜುತ್ತಾರೆ. ಸತುವಿನ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿ ಒರೆಸಿದಾಗ ಚಿತ್ತಾರ ಎದ್ದು ಬರುತ್ತದೆ. ಸರಿಯಾದ ಮಣ್ಣು ಯಾವುದೆಂದು ಹಿರಿಯ ಕುಶಲಿಗರು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ.

ಇಲ್ಲಿ ಎಷ್ಟು ಕೊಂಡಿಗಳಿವೆ ನೋಡಿ. ಸತು ಮತ್ತು ಬೆಳ್ಳಿಯ ದರ ಕುಶಲಿಗರ ಕೈಯಲ್ಲಿಲ್ಲ. ಬೆಳ್ಳಿ ಏರಿದರೆ ಬಂಡವಾಳ ಸಾಲದೆ ಸಣ್ಣ ಸಾಮಾನು ಮಾಡಬೇಕಾಗುತ್ತದೆ. ಕೋಟೆ ಸಂರಕ್ಷಿತ ಸ್ಮಾರಕ, ಅದರ ಮಣ್ಣು ಅಳೆದಷ್ಟೇ ಇರುವುದು. ಎರಕ, ಕೊರೆತ, ಬೆಳ್ಳಿ ಕೂರಿಸುವುದು ಒಂದೊಂದಕ್ಕೂ ನುರಿತ ಕೈ ಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಜಿಐ ಪ್ರಮಾಣಪತ್ರ ಗೋಡೆಯ ಮೇಲೆ ಇರುತ್ತದೆ, ಹೂಜಿ ಇರುವುದಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಖುಷಿಪಟ್ಟಿತು. ಅಂಥ ಗೌರವ ಒಂದು ಕಸುಬಿನ ಕಡೆ ಜನ ತಿರುಗಿ ನೋಡುವಂತೆ ಮಾಡುತ್ತದೆ. ಆದರೆ ಅದೇ ಓಣಿಯಲ್ಲಿ ಉಳಿ ಹಿಡಿದ ಹುಡುಗನಿಗೆ ಮುಂದಿನ ತಿಂಗಳ ಆರ್ಡರ್ ಬರುತ್ತದಾ ಎಂಬುದು ಬೇರೆ ಪ್ರಶ್ನೆ.

ಚನ್ನಪಟ್ಟಣದಲ್ಲೂ ಹೀಗೇ. ಗೊಂಬೆಗೆ ಬೇಕಾದದ್ದು ಆಲೆ ಮರ, ಹಾಲೆ ಅಂತಲೂ ಕರೆಯುತ್ತಾರೆ. ಮರದ ತುಂಡು ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಮರ ಸಿಗದಿದ್ದರೆ, ಅರಗು ದುಬಾರಿಯಾದರೆ, ಹೊಳಪಿಗೆ ಅಗ್ಗದ ಪೇಂಟ್ ಬರುತ್ತದೆ. ಹಾಗೆ ಆದ ದಿನ ಅದು ಮಗು ಬಾಯಿಗಿಟ್ಟುಕೊಳ್ಳಬಹುದಾದ ಗೊಂಬೆಯಾಗಿ ಉಳಿಯುವುದಿಲ್ಲ.

## ಕಲಿಯುವವರು ಯಾಕೆ ಬರುವುದಿಲ್ಲ?

ಹಿಂದೆ ಕಸುಬು ಮನೆಯೊಳಗೇ ಹರಿಯುತ್ತಿತ್ತು. ನವಲಗುಂದದಲ್ಲಿ ಜಮಖಾನೆ ನೇಯ್ಗೆಯನ್ನು ಸೊಸೆಯರಿಗೆ ಕಲಿಸುತ್ತಿದ್ದರು, ಮನೆಯ ಮಗಳಿಗೆ ಕಲಿಸುತ್ತಿರಲಿಲ್ಲ, ಮದುವೆಯಾಗಿ ಬೇರೆ ಊರಿಗೆ ಹೋದರೆ ಗುಟ್ಟೂ ಹೋಗುತ್ತದೆ ಎಂಬ ಭಯವಿತ್ತು ಎಂಬ ಮಾತಿದೆ. ಬೇಡಿಕೆ ಇದ್ದ ಕಾಲದಲ್ಲಿ ಆ ಗುಟ್ಟು ಮನೆಯನ್ನು ಕಾಯಿತು. ಬೇಡಿಕೆ ಕುಗ್ಗಿದಾಗ ಅದೇ ಗುಟ್ಟು ಕಲಿಯುವವರ ಸಂಖ್ಯೆಯನ್ನು ಬೆರಳೆಣಿಕೆಗೆ ತಂದಿತು.

ಇವತ್ತಿನ ಲೆಕ್ಕ ಇನ್ನೂ ಸರಳ. ಇಳಕಲ್ ಸೀರೆಯನ್ನೇ ನೋಡಿ. ಮೈಗೆ ಒಂದು ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು), ಸೆರಗಿಗೆ ರೇಷ್ಮೆಯ ಇನ್ನೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಈ ಜೋಡಣೆಯಿಂದಾಗಿ ಪ್ರತಿ ಸೀರೆಗೂ ಬೇರೆ ಹಾಸು ಸಿದ್ಧಮಾಡಬೇಕು. ಉದ್ದಕ್ಕೆ ಹಾಸು ಹಾಕಿಕೊಂಡು ಹತ್ತಾರು ಸೀರೆ ನೇಯುವ ಅನುಕೂಲ ಇಲ್ಲ. ವಿದ್ಯುತ್ ಮಗ್ಗದಲ್ಲಿ ಇದೇ ಅಂಚು, ಇದೇ ಸೆರಗಿನ ನಕಲು ಬಹಳ ಬೇಗ ಇಳಿಯುತ್ತದೆ, ಬೆಲೆಯೂ ಅಗ್ಗ. ಅಂಗಡಿಯಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಕೊಳ್ಳುವವರು ಯಾವುದನ್ನು ಎತ್ತಿಕೊಳ್ಳುತ್ತಾರೆ ಹೇಳಿ? ಮಧ್ಯದಲ್ಲಿ ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರರಿದ್ದಾರೆ. ನೇಕಾರರಿಗೆ ಸಿಗುವುದು ಕೂಲಿ ಮಾತ್ರ. ಹಾಸು ಕಟ್ಟುವುದು, ಕಂಡಿಕೆ ಸುತ್ತುವುದು ಮುಂತಾದ ಹೆಂಗಸರ ಕೆಲಸಕ್ಕೆ ಎಷ್ಟೋ ಕಡೆ ಬೇರೆ ಕೂಲಿಯೂ ಇಲ್ಲ, ಮನೆಕೆಲಸದ ಲೆಕ್ಕಕ್ಕೇ ಹೋಗುತ್ತದೆ. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ಕೈಮಗ್ಗ ನಂಬಿದವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು. ಇದನ್ನು ಗಮನದಲ್ಲಿಟ್ಟರೆ ಕೂಲಿಯ ವಿಷಯ ಎಷ್ಟು ದೊಡ್ಡದು ಎಂದು ಅರ್ಥವಾಗುತ್ತದೆ.

ಇದಕ್ಕೂ ಕಾನೂನು ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮಾತ್ರ ಮೀಸಲಿಡುತ್ತದೆ. ಸದ್ಯ ಆ ಪಟ್ಟಿಯಲ್ಲಿ 11 ಬಗೆಗಳಿವೆ, ಸೀರೆಯೂ ಒಂದು. ಅವನ್ನು ವಿದ್ಯುತ್ ಮಗ್ಗದಲ್ಲಿ ನೇಯ್ದರೆ ಅಪರಾಧ. ಕಾಯ್ದೆ ಸ್ಪಷ್ಟವಾಗಿದೆ. ಆದರೆ ಓಣಿ ಓಣಿಯ ಮಗ್ಗಗಳನ್ನು ತಪಾಸಣೆ ಮಾಡುವುದು ಸುಲಭವಲ್ಲ. ವಿದ್ಯುತ್ ಮಗ್ಗ ನಂಬಿದವರೂ ಹೆಚ್ಚಾಗಿ ನೇಕಾರ ಕುಟುಂಬಗಳೇ. ಹಾಗಾಗಿ ಇದು ಒಳ್ಳೆಯವರು ಕೆಟ್ಟವರ ಜಗಳ ಅಲ್ಲ. ಎರಡು ಮಗ್ಗದ ಬಟ್ಟೆಯೂ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಸಮಸ್ಯೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಸಾಲ ಕೊಡುತ್ತದೆ. ಕುಂಬಾರ, ಕಮ್ಮಾರ, ಬಡಗಿ, ಗೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು, ಚಪ್ಪಲಿ ಹೊಲಿಯುವವರು ಇದರಲ್ಲಿ ಬರುತ್ತಾರೆ.

## ಬಾವುಟದ ಬಟ್ಟೆ

ದೇಶದ ಗುರುತು ಮತ್ತು ಕೈಕಸುಬು ಎರಡೂ ಅಕ್ಷರಶಃ ಒಂದೇ ಬಟ್ಟೆಯಲ್ಲಿ ಸೇರುವ ಜಾಗ ನಮ್ಮ ಹುಬ್ಬಳ್ಳಿಯಲ್ಲಿದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾಯಿತು. ಭಾರತೀಯ ಮಾನಕ ಬ್ಯೂರೋ ಮಾನ್ಯತೆ ಪಡೆದು ಖಾದಿ ರಾಷ್ಟ್ರಧ್ವಜ ತಯಾರಿಸುವ ಘಟಕ ಅಲ್ಲಿದೆ. ನೂಲಿನ ದಪ್ಪ, ಬಣ್ಣದ ಛಾಯೆ, ಚಕ್ರದ ಅಳತೆ, ಹೊಲಿಗೆ ಎಲ್ಲಕ್ಕೂ ನಿಯಮ. ಒಂದು ತಪ್ಪಿದರೂ ಬಾವುಟ ತಿರಸ್ಕಾರ. ನೂಲುವುದರಿಂದ ಹೊಲಿಯುವವರೆಗೆ ಹೆಚ್ಚಿನ ಕೈಗಳು ಹೆಂಗಸರವು.

ಧ್ವಜ ಸಂಹಿತೆಯ ಪ್ರಕಾರ ಬಾವುಟದ ಬಟ್ಟೆ ಕೈಯಿಂದ ನೂತು, ಕೈಯಿಂದ ನೇಯ್ದದ್ದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರಂದು ಇದನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಬಟ್ಟೆ ಮತ್ತು ಪಾಲಿಯೆಸ್ಟರನ್ನೂ ಒಪ್ಪಲಾಯಿತು. ಮುಂದಿನ ವರ್ಷ ಸ್ವಾತಂತ್ರ್ಯದ 75ನೇ ವರ್ಷಕ್ಕೆ ಮನೆ ಮನೆಯಲ್ಲಿ ಬಾವುಟ ಹಾರಿತು. ಅಷ್ಟು ಬಾವುಟಗಳನ್ನು ಅಷ್ಟು ಅಗ್ಗವಾಗಿ ಖಾದಿಯಲ್ಲಿ ಒದಗಿಸುವುದು ಆಗುತ್ತಿರಲಿಲ್ಲ ಎಂಬುದು ತಿದ್ದುಪಡಿಯ ಪರ ಇರುವವರ ವಾದ. ತಮ್ಮ ಬಾವುಟಕ್ಕೆ ಬೇಡಿಕೆ ಕುಸಿದು ಕೆಲಸಗಾರರ ಹೊಟ್ಟೆಗೆ ಹೊಡೆತ ಬಿತ್ತು ಎಂಬುದು ಬೆಂಗೇರಿಯವರ ಅಳಲು. ಎರಡೂ ಮಾತಿನಲ್ಲಿ ನಿಜಾಂಶವಿದೆ. ಆದರೆ ಈ ಪ್ರಸಂಗ ಒಂದು ವಿಷಯವನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಒಂದು ಕಸುಬಿನ ಬದುಕು ಒಮ್ಮೊಮ್ಮೆ ನಿಯಮದ ಒಂದೇ ಸಾಲಿನ ಮೇಲೆ ನಿಂತಿರುತ್ತದೆ.

## ಯುನೆಸ್ಕೊ ಪಟ್ಟಿಯಲ್ಲಿ ಏನಿದೆ?

ಹಂಪಿ ಯುನೆಸ್ಕೊ ಪಟ್ಟಿಯಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅದು ಕಟ್ಟಡ, ಜಾಗಗಳ ಪಟ್ಟಿ. ಕೈಯಲ್ಲಿರುವ ವಿದ್ಯೆ, ಹಾಡು, ಆಚರಣೆಗಳಿಗೆ 2003ರ ಒಪ್ಪಂದದಡಿ ಬೇರೆಯೇ ಪಟ್ಟಿ ಇದೆ. ಭಾರತ ಇದಕ್ಕೆ 2005ರಲ್ಲಿ ಸೇರಿತು. ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರಾ ಸಮುದಾಯದ ಹಿತ್ತಾಳೆ, ತಾಮ್ರದ ಪಾತ್ರೆ ಕೆಲಸ 2014ರಲ್ಲಿ ಈ ಪಟ್ಟಿ ಸೇರಿತು. ಈ ಒಪ್ಪಂದ ಒಂದು ವಿಷಯದಲ್ಲಿ ಜಿಐಗಿಂತ ಭಿನ್ನ. ಇದು ವಸ್ತುವಿನ ಹೆಸರಿನ ಬದಲು, ವಿದ್ಯೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದನ್ನು ಮುಖ್ಯ ಎನ್ನುತ್ತದೆ. ಕಲೆ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಎಂದೂ ಒಪ್ಪುತ್ತದೆ. ಬಿದರಿಯವರು ಹುಕ್ಕಾ ಬುಡದ ಜೊತೆ ಪೆನ್ ಡ್ರೈವ್ ಹೊದಿಕೆಗೂ ಬೆಳ್ಳಿ ಕೂರಿಸಿದರೆ, ಅದು ಪರಂಪರೆಗೆ ದ್ರೋಹವಲ್ಲ. ಚನ್ನಪಟ್ಟಣಕ್ಕೆ ಜಪಾನಿನ ತಂತ್ರ ಬಂದಾಗಲೂ ಯಾರೋ ಹಾಗೆ ಗೊಣಗಿರಬಹುದು.

## ಕೊಳ್ಳುವಾಗ ಏನು ನೋಡಬೇಕು

ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಇವೆರಡೂ ಬೇರೆ ಬೇರೆ. ಸಿಲ್ಕ್ ಮಾರ್ಕ್ ಇದ್ದರೆ ಬಟ್ಟೆ ಶುದ್ಧ ರೇಷ್ಮೆ ಎಂದು ಅರ್ಥ, ಕೈಮಗ್ಗದಲ್ಲಿ ನೇಯ್ದದ್ದು ಎಂದಲ್ಲ.

ಇಳಕಲ್ ಸೀರೆಯಲ್ಲಿ ಮೈ ಮತ್ತು ಸೆರಗು ಸೇರುವ ಜಾಗ ಹುಡುಕಿ. ಕೊಂಡಿ ಹಾಕಿದ್ದರೆ ಅಡ್ಡಕ್ಕೆ ಸಣ್ಣ ಸಣ್ಣ ಕುಣಿಕೆಗಳ ಸಾಲು ಕಾಣುತ್ತದೆ, ಬೆರಳಿಗೂ ತಾಗುತ್ತದೆ. ಧಾರವಾಡದ ಕಸೂತಿಯಾದರೆ ಬಟ್ಟೆ ತಿರುಗಿಸಿ ನೋಡಿ. ಗವಂತಿ ಹೊಲಿಗೆಯಲ್ಲಿ ಎಳೆ ಎಣಿಸಿ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಹಾಗಾಗಿ ಗೋಪುರವೋ ತೇರೋ ಎರಡು ಬದಿಯಲ್ಲೂ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ದಾರ ಸಿಕ್ಕುಸಿಕ್ಕಾಗಿ, ಒಮ್ಮೊಮ್ಮೆ ಕಾಗದದಂಥ ಪದರದ ಜೊತೆ ಇರುತ್ತದೆ. ಬಿದರಿಯಲ್ಲಿ ಬೆಳ್ಳಿ ಗೆರೆ ಮೈಯೊಳಗೆ ಕೂತಿರುತ್ತದೆ, ಮೇಲೆ ಬಳಿದ ಬಣ್ಣದಂತೆ ಉಗುರಿಗೆ ಎದ್ದು ಬರುವುದಿಲ್ಲ.

ಕುಶಲಕರ್ಮಿಗಳಿಗೂ ಒಂದು ಮಾಹಿತಿ. ನಿಮ್ಮ ಕಸುಬಿಗೆ ಜಿಐ ಇದ್ದರೆ ಸಾಲದು, ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಬೇಕು. ಆಗಲೇ ಜಿಐ ಲಾಂಛನ ಬಳಸಲು, ನಕಲಿ ಮಾರುವವರ ವಿರುದ್ಧ ಹೋಗಲು ಬಲ. 2020ರಲ್ಲಿ ನಿಯಮ ತಿದ್ದಿ, ಈ ಅರ್ಜಿಯ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು, ಅರ್ಜಿ ನಮೂನೆಯನ್ನೂ ಸರಳ ಮಾಡಿದರು. ಓಣಿಯ ಕುಟುಂಬಗಳೆಲ್ಲ ಸೇರಿ, ನೋಂದಣಿ ಮಾಡಿಸಿದ ಸಂಸ್ಥೆಯನ್ನು ಕೇಳಿ ಒಟ್ಟಿಗೆ ಅರ್ಜಿ ಹಾಕಿದರೆ ಕಾಗದಪತ್ರದ ಕೆಲಸವೂ ಹಗುರ.